ದಿಗ್ವ್ರತ ಮತ್ತು ಅಲಾಸ್ಕಾದ ಹಡಗು

ಅಲಾಸ್ಕಾಕ್ಕೆ ಹೋಗುವವರಿಗೆ ಸಲಹೆ ಕೊಡುವುದು ಪಾಪವೇ? ಕೇಳಿದವರು ನಗುತ್ತಾರೆ. ಜೈನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಶ್ರಾವಕರ, ಅಂದರೆ ಜೈನ ಗೃಹಸ್ಥರ, ಹನ್ನೆರಡು ವ್ರತಗಳಲ್ಲಿ ಅನರ್ಥದಂಡವ್ರತ ಎಂಬುದೊಂದಿದೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆಯನ್ನು ಬಿಡಬೇಕೆನ್ನುವ ವ್ರತ. ಅಂಥ ಹಿಂಸೆಯ ಐದು ಬಗೆಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುತ್ತಾರೆ. ಮೊದಲನೆಯದೇ ಪಾಪೋಪದೇಶ: ಜೀವಹಾನಿಯಾಗುವ ಕೆಲಸಕ್ಕೆ ಬೇರೆಯವರಿಗೆ ದಾರಿ ತೋರಿಸುವುದು. ಕೊನೆಯದು ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಕಡಿಯುವುದು, ಇವುಗಳ ಜೊತೆಗೆ ಸುಮ್ಮನೆ ತಿರುಗುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಅವರು ಅದೇ ಪಟ್ಟಿಗೆ ಸೇರಿಸಿದ್ದಾರೆ. ಟೂರ್ ಏಜೆಂಟರು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಆಚಾರ್ಯರು ಅವರನ್ನು ಗುರುತಿಸಿಬಿಟ್ಟಿದ್ದರು.

ನಾನು ಕಾರ್ಕಳದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಐಸ್‌ಕ್ಯಾಂಡಿಗಿಂತ ದೊಡ್ಡ ಹಿಮ ನೋಡದೆಯೇ ವರ್ಷವರ್ಷವೂ ಹಿಮನದಿಯ ಪಾಠ ಮಾಡಿದವಳು. ಮಗ-ಸೊಸೆ ಸಿಯಾಟಲ್ ಪಕ್ಕದ ಬೆಲ್‌ವ್ಯೂದಲ್ಲಿದ್ದಾರೆ. ಯಜಮಾನರೂ ನಾನೂ ಅಲ್ಲಿಗೆ ಹೋಗಿದ್ದಾಗ ಮಗ ಅಲಾಸ್ಕಾ ಹಡಗಿಗೆ ಟಿಕೆಟ್ ಮಾಡಿಸಿದ. ಬಂದ ಮೇಲೆ ಹಳೆಯ ವಿದ್ಯಾರ್ಥಿಗಳ, ಅವರ ತಂದೆತಾಯಂದಿರ ಫೋನು ನಿಂತಿಲ್ಲ. "ಟೀಚರೇ, ಯಾವ ತಿಂಗಳು ಒಳ್ಳೆಯದು? ಬಾಲ್ಕನಿ ರೂಮು ಬೇಕಾ? ನಮ್ಮ ಊಟ ಸಿಗ್ತದಾ?" ಗೊತ್ತಿದ್ದೂ ಹೇಳದಿರುವುದು ಹೇಗೆ? ಹೇಳುತ್ತೇನೆ. ಹೇಳುವಾಗಲೆಲ್ಲ ಅತ್ತೆಯ ನೆನಪಾಗುತ್ತದೆ.

ಅತ್ತೆ ದಿಗ್ವ್ರತ ಹಿಡಿದವರು. ಎಲ್ಲ ದಿಕ್ಕುಗಳಿಗೂ ಒಂದೊಂದು ಎಲ್ಲೆ ಹಾಕಿಕೊಂಡು ಜೀವ ಇರುವವರೆಗೆ ಅದನ್ನು ದಾಟದಿರುವುದೇ ಆ ವ್ರತ. ಎಲ್ಲೆಗೆ ನಾಲ್ಕು ಜನಕ್ಕೆ ಗೊತ್ತಿರುವ ಗುರುತು ಬೇಕು: ಸಮುದ್ರ, ನದಿ, ಕಾಡು, ಬೆಟ್ಟ, ಸೀಮೆ. ಅತ್ತೆಯದು ಹೀಗಿತ್ತು: ಪಡುವಲಿಗೆ ಕಡಲು, ತೆಂಕಲಿಗೆ ಚಂದ್ರಗಿರಿ ಹೊಳೆ, ಮೂಡಲಿಗೆ ಶ್ರವಣಬೆಳಗೊಳ, ಬಡಗಲಿಗೆ ಹೊಂಬುಜ. ನಾದಿನಿಯನ್ನು ಮುಂಬೈಗೆ ಮದುವೆ ಮಾಡಿ ಕೊಟ್ಟರು. ಬಾಣಂತನಕ್ಕೆ ಅವಳೇ ಬಂದಳು. ಅವಳ ಮನೆಯ ಗೃಹಪ್ರವೇಶಕ್ಕೆ ಅತ್ತೆ ಹೋಗಲಿಲ್ಲ. "ತೆಂಕಲಿಗೆ ನೀವು ಹೇಗೂ ಹೋಗುವುದಿಲ್ಲ. ಅಲ್ಲಿಯದ್ದನ್ನು ಕಡಿಮೆ ಮಾಡಿ ಬಡಗಲಿಗೆ ಸೇರಿಸಿಕೊಳ್ಳಿ ಅಮ್ಮಾ" ಎಂದು ಅವಳು ಅತ್ತದ್ದು ನನಗೆ ನೆನಪಿದೆ. "ಅದಕ್ಕೆ ಕ್ಷೇತ್ರವೃದ್ಧಿ ಅಂತ ಹೆಸರುಂಟು ಮಗಾ, ಅದು ಅತಿಚಾರ" ಎಂದರು ಅತ್ತೆ. ವ್ರತ ಮುರಿಯದಂತೆ ಕಾಣುತ್ತಲೇ ಅದನ್ನು ಸಡಿಲಿಸುವ ಉಪಾಯಗಳನ್ನೆಲ್ಲ ನಮ್ಮ ಶಾಸ್ತ್ರ ಮೊದಲೇ ಊಹಿಸಿ ಪಟ್ಟಿ ಮಾಡಿದೆ. ಎಲ್ಲೆ ಎಲ್ಲಿದೆಯೆಂದು ಮರೆತುಹೋಗುವುದೂ ಆ ಪಟ್ಟಿಯಲ್ಲಿ ಒಂದು ದೋಷ.

ಮಗಳ ಕಣ್ಣೀರಿಗಿಂತ ಹೊಂಬುಜದ ಗಡಿ ದೊಡ್ಡದಾಯಿತೇ ಎಂದು ಆಗ ನನಗೆ ಸಿಟ್ಟು ಬಂದಿತ್ತು. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ವ್ರತದ ಹಿಂದಿನ ತರ್ಕವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಎಲ್ಲೆಯ ಆಚೆಗೆ ನಾನು ಕಾಲಿಡುವುದಿಲ್ಲ, ಆದ್ದರಿಂದ ಅಲ್ಲಿನ ಅತಿ ಸಣ್ಣ ಜೀವಿಗೂ ನನ್ನಿಂದ ನೋವಿಲ್ಲ. ಅಷ್ಟರ ಮಟ್ಟಿಗೆ ಗೃಹಸ್ಥನ ಅಣುವ್ರತವೇ ಮುನಿಗಳ ಮಹಾವ್ರತಕ್ಕೆ ಸಮ ಎನ್ನುತ್ತಾರೆ ಸಮಂತಭದ್ರರು. ಅಲಾಸ್ಕಾದ ಹಿಮದ ಮಟ್ಟಿಗೆ ಅತ್ತೆ ಮಹಾವ್ರತಿ. ನಾನಲ್ಲ.

ಇನ್ನು ಕೇಳಿದವರಿಗೆ ಉತ್ತರ. ಹಡಗುಗಳು ಓಡುವುದು ಏಪ್ರಿಲಿನಿಂದ ಅಕ್ಟೋಬರಿನವರೆಗೆ. ಮೇ ತಿಂಗಳಲ್ಲಿ ಮಳೆ ಕಡಿಮೆ, ದರವೂ ಕಡಿಮೆ. ಜುಲೈ-ಆಗಸ್ಟಿನಲ್ಲಿ ಸಾಲ್ಮನ್ ಮೀನು ಹೊಳೆ ಹತ್ತುತ್ತದೆ, ಅದರ ಹಿಂದೆ ಕರಡಿ, ಕರಡಿಯ ಹಿಂದೆ ಜನ. ಸೆಪ್ಟೆಂಬರಿನಲ್ಲಿ ಮಳೆಯೋ ಮಳೆ. ಕೆಚಿಕನ್ ಎಂಬ ಊರಿಗೆ ವರ್ಷಕ್ಕೆ ಸುಮಾರು 150 ಇಂಚು ಮಳೆ ಬೀಳುತ್ತದೆ; ಆಗುಂಬೆ ಕೆಳಗಿನವರಾದ ನಮಗೆ ಅದೇನೂ ದೊಡ್ಡದಲ್ಲ, ಆದರೆ ಆ ಮಳೆ ಕೊರೆಯುವಷ್ಟು ತಣ್ಣಗೆ. ಡೆಕ್ಕಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಳೆಯಂಗಿಯೇ ಬೇಕು. ಒಂದೇ ದಪ್ಪ ಕೋಟಿನ ಬದಲು ಒಂದರ ಮೇಲೊಂದು ಹಾಕಿ ತೆಗೆಯಬಹುದಾದ ಬಟ್ಟೆ, ಕೈಗವಸು, ಮಂಕಿ ಟೋಪಿ. ಸೊಸೆ ಮಂಕಿ ಟೋಪಿ ನೋಡಿ ನಕ್ಕಳು. ಗ್ಲೇಸಿಯರ್ ಬೇಯ ಬೆಳಿಗ್ಗೆ ಅವಳೇ ಅದನ್ನು ಕೇಳಿ ಹಾಕಿಕೊಂಡಳು.

ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಿನ ತೆರೆದ ಸಾಗರದಲ್ಲಿ ಹೋಗುತ್ತವೆ, ಆದ್ದರಿಂದ ಅಲ್ಲಿ ಓಲಾಟ ಜಾಸ್ತಿ. ವ್ಯಾಂಕೂವರ್ ನಗರದಿಂದ ಹೊರಟರೆ ದ್ವೀಪಗಳ ಒಳದಾರಿ, ನೀರು ಶಾಂತ. ತಲೆಸುತ್ತು ಬರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿಯಬೇಕು. ಇಲ್ಲಿಂದ ಹೋದ ಹಿರಿಯರು ಪ್ರವಾಸದ ವೈದ್ಯಕೀಯ ವಿಮೆ ಇಲ್ಲದೆ ಹಡಗು ಹತ್ತಬೇಡಿ. ಹಡಗಿನ ಡಾಕ್ಟರ ಬಿಲ್ಲು ಒಂದು ಕಡೆ. ನಡುದಾರಿಯಲ್ಲಿ ಎತ್ತಿ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಅದರ ಖರ್ಚು ಮನೆ ಮಾರಿದರೂ ತೀರದು.

ಊಟದ ವಿಷಯ. ಟಿಕೆಟ್ ಆದ ಕೂಡಲೇ ಕಂಪನಿಗೆ ಬರೆಯಿರಿ, ಹತ್ತಿದ ಮೊದಲ ಸಂಜೆಯೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮತ್ತೊಮ್ಮೆ ಹೇಳಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆಯೆಂದರೆ ಏನೆಂದು ಅವರಿಗೆ ಗೊತ್ತಿದೆ, ಏಕೆಂದರೆ ಅಡುಗೆಮನೆಯಲ್ಲಿ ನಮ್ಮ ದೇಶದವರೇ ಎಷ್ಟೋ ಜನ. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಉಡುಪಿ ಕಡೆಯವ. ತುಳು ಕೇಳಿದ್ದೇ ಮುಖ ಅರಳಿತು. ತಿಂಗಳುಗಟ್ಟಲೆ ಕಾಂಟ್ರಾಕ್ಟು, ವಾರದ ರಜೆ ಎಂಬುದಿಲ್ಲ ಎಂದ. ಟಿಪ್ಸ್ ಹಣ ತಲೆಗಿಷ್ಟು ದಿನಕ್ಕಿಷ್ಟು ಎಂದು ಬಿಲ್ಲಿಗೇ ಸೇರಿರುತ್ತದೆ. ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕುವ ನಮ್ಮವರನ್ನು ಕಂಡೆ. ಬಸದಿಯ ಹುಂಡಿಗೆ ಸಾವಿರಗಟ್ಟಲೆ ಹಾಕುವ ಕೈಗಳೇ ಇರಬಹುದು ಅವು.

ರಾತ್ರಿ ಊಟ ಬಿಟ್ಟವರಿಗೆ ಜೂನ್ ತಿಂಗಳು ಬಲು ಅನುಕೂಲ. ಜೂನೋ ನಗರದಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ ಹತ್ತು ಕಳೆದ ಮೇಲೆ. ಒಂಬತ್ತಕ್ಕೆ ಯಜಮಾನರು ಐಸ್‌ಕ್ರೀಮಿಗೆ ಎದ್ದರು. "ಇನ್ನೂ ಹಗಲುಂಟಲ್ಲ" ಎಂದರು. ಸೂರ್ಯನ ಒಪ್ಪಿಗೆಯಿತ್ತು, ನಾಲಿಗೆಯದೂ ಇತ್ತು. ವ್ರತ ಏನನ್ನುತ್ತದೆಂದು ನಾನು ಕೇಳಲು ಹೋಗಲಿಲ್ಲ.

ಎಲ್ಲ ಹಡಗುಗಳೂ ಗ್ಲೇಸಿಯರ್ ಬೇಗೆ ಹೋಗುವುದಿಲ್ಲ. ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಪ್ರವೇಶ. ಟಿಕೆಟ್ ಮಾಡಿಸುವಾಗ ಮಾರ್ಗದಲ್ಲಿ ಆ ಹೆಸರಿದೆಯೇ ನೋಡಿ. ದರ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿ ಎನ್ನುತ್ತೇನೆ. ಕಾರಣ ಚೆಂದವಲ್ಲ, ಅಲ್ಲಿ ಯಾರೋ ಒಂದು ಎಲ್ಲೆ ಹಾಕಿದ್ದಾರೆ ಎಂಬುದು. ಬೆಳಿಗ್ಗೆ ಉದ್ಯಾನದ ರೇಂಜರುಗಳು ದೋಣಿಯಲ್ಲಿ ಬಂದು ಹಡಗು ಹತ್ತಿ ವಿವರ ಹೇಳುತ್ತಾರೆ. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು ಮೆಲ್ಲನೆ ಪೂರ್ತಿ ತಿರುಗುತ್ತದೆ, ಆದ್ದರಿಂದ ಎರಡೂ ಬದಿಯವರಿಗೆ ಕಾಣುತ್ತದೆ. ಬಾಲ್ಕನಿ ಕೋಣೆಗೆ ಹೆಚ್ಚಿನ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಕಿಟಕಿಯಿಲ್ಲದ ಒಳಕೋಣೆ ಹಿಡಿದು ಡೆಕ್ಕಿನ ಮೇಲೆ ನಿಲ್ಲಿ. ಆ ನೀಲಿಯನ್ನು ಕುರ್ಚಿಯಲ್ಲಿ ಕೂತು ನೋಡಿದವರಿಗೂ ಚಳಿಯಲ್ಲಿ ನಿಂತು ನೋಡಿದವರಿಗೂ ಸಿಕ್ಕಿದ್ದು ಒಂದೇ ಎಂದು ನಾನು ನಂಬಲಾರೆ. ಒತ್ತಿ ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನಷ್ಟೇ ಹೊರಗೆ ಬಿಡುತ್ತದೆ. ಈ ವಾಕ್ಯವನ್ನು ಕರಿಹಲಗೆಯ ಮುಂದೆ ನಿಂತು ಎಷ್ಟು ಸಲ ಹೇಳಿದ್ದೇನೋ. ಅಂದು ಬಾಯಿಗೆ ಬರಲಿಲ್ಲ.

ಬಾಯಿಗೆ ಬರದಿರಲು ಇನ್ನೊಂದು ಕಾರಣವೂ ಇತ್ತು. ಡೆಕ್ಕಿನ ಹಿಂದಿನ ಊಟದ ಮನೆಯಿಂದ ಕೊಬ್ಬಿನಲ್ಲಿ ಹಂದಿಮಾಂಸ ಹುರಿಯುವ ವಾಸನೆ ಬರುತ್ತಿತ್ತು. ನನಗೆ ಅದು ಹೇಗೂ ಆಗದು. ಆದರೆ ಅಲ್ಲಿ ಆ ವಾಸನೆಗೆ ಬೇರೆಯೇ ಅರ್ಥವಿದೆ. ಅಲಾಸ್ಕಾ ಮತ್ತು ಕೆನಡಾದ ಯೂಕಾನ್ ನಡುವಿನ ಸೇಂಟ್ ಎಲಿಯಾಸ್ ಪರ್ವತಗಳ ಸುತ್ತಲಿನ ಮೂಲನಿವಾಸಿ ಹಿರಿಯರ ಮಾತುಗಳನ್ನು ಜೂಲಿ ಕ್ರೂಕ್‌ಶ್ಯಾಂಕ್ ಎಂಬ ಮಾನವಶಾಸ್ತ್ರಜ್ಞೆ ಕಲೆಹಾಕಿ 2005ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಮತ್ತೆ ಮತ್ತೆ ಬರುವ ಮಾತು: ಹಿಮನದಿಯ ಹತ್ತಿರ ಕೊಬ್ಬಿನಲ್ಲಿ ಕರಿಯಬಾರದು, ಹುರಿಯಬಾರದು. ಅದಕ್ಕೆ ವಾಸನೆ ತಿಳಿಯುತ್ತದೆ, ಅದು ಕೆರಳುತ್ತದೆ. ಹಗುರವಾಗಿ ಮಾತಾಡಬಾರದು, ಅದಕ್ಕೆ ಕೇಳಿಸುತ್ತದೆ.

ಗ್ಲೇಸಿಯರ್ ಬೇ ಹೂನಾ ಟ್ಲಿಂಗಿಟ್ ಜನರ ತವರು. ಅವರ ಕಥೆಯಲ್ಲಿ ಮೈನೆರೆದು ಮರೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ನಾಯಿಯನ್ನು ಕರೆಯುವಂತೆ ಒಣಮೀನು ತೋರಿಸಿ ಹಿಮನದಿಯನ್ನು ಕರೆದಳು. ಅದು ಬಂದೇಬಿಟ್ಟಿತು. ಊರವರೆಲ್ಲ ದೋಣಿ ಹತ್ತಿ ಹೊರಟರು. ಒಬ್ಬಳು ಮಾತ್ರ ಮನೆಯಲ್ಲೇ ಉಳಿದಳು. ಕೆಲವರ ಬಾಯಲ್ಲಿ ಆ ಹುಡುಗಿಯೇ, ಕೆಲವರ ಬಾಯಲ್ಲಿ ವಯಸ್ಸಾದ ಹೆಂಗಸು. ಹದಿನೆಂಟನೆಯ ಶತಮಾನದಲ್ಲಿ ಹಿಮ ಅಲ್ಲಿ ನಿಜಕ್ಕೂ ಮುಂದೆ ನುಗ್ಗಿ ವಸತಿಗಳನ್ನು ಅಳಿಸಿತ್ತೆಂದು ಭೂವಿಜ್ಞಾನವೂ ಹೇಳುತ್ತದೆ. 1794ರಲ್ಲಿ ಜಾರ್ಜ್ ವ್ಯಾಂಕೂವರನ ತಂಡ ಬಂದಾಗ ಕೊಲ್ಲಿಯ ಬಾಯಿಯ ಹತ್ತಿರವೇ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ಜಾನ್ ಮ್ಯೂರ್ ಟ್ಲಿಂಗಿಟ್ ಮಾರ್ಗದರ್ಶಕರೊಂದಿಗೆ ದೋಣಿಯಲ್ಲಿ ಬರುವ ಹೊತ್ತಿಗೆ ಅದು ಅರವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ನೂರು ದಾಟಿದೆ. ಭೂಗೋಳದ ಟೀಚರಾಗಿ ಒಂದು ಮಾತು ಇಲ್ಲಿ ಹೇಳಲೇಬೇಕು: ಆ ಕರಗುವಿಕೆಯ ಬಹುಪಾಲು ಕಾರ್ಖಾನೆ ಹೊಗೆಯಿಂದ ಗಾಳಿ ಗಣನೀಯವಾಗಿ ಕಾವೇರುವುದಕ್ಕಿಂತ ಮುಂಚಿನದು. ಎಲ್ಲವನ್ನೂ ನಮ್ಮ ಪಾಪಕ್ಕೆ ಬರೆದುಕೊಳ್ಳುವುದು ಒಂದು ಬಗೆಯ ಅಹಂಕಾರ. ಯಾಕುಟಾಟ್ ಕೊಲ್ಲಿಯ ಹಬ್ಬರ್ಡ್ ಹಿಮನದಿ ಇಂದಿಗೂ ಮುಂದೆ ಬರುತ್ತಲೇ ಇದೆ. ಆದರೆ ಜೂನೋ ಪಕ್ಕದ ಮೆಂಡನ್‌ಹಾಲ್ ಸೊರಗುತ್ತಿರುವುದಕ್ಕೆ ಕಾವೇರಿದ ಗಾಳಿಯೇ ಕಾರಣ. ಅದರ ಪಕ್ಕದ ಕಣಿವೆಯಲ್ಲಿ ತುಂಬಿದ ನೀರು 2011ರಿಂದ ಈಚೆಗೆ ಹಿಮದಡಿಯಿಂದ ಒಡೆದುಬಂದು ನೆರೆಯಾಗುತ್ತಿದೆ. 2023ರ ಆಗಸ್ಟಿನಲ್ಲಿ ಮನೆಗಳೇ ಕೊಚ್ಚಿಹೋದವು.

ನಮ್ಮ ಶಾಸ್ತ್ರದಲ್ಲಿ ಹಿಮ ಅಪ್ಕಾಯಿಕ ಜೀವ. ಇಬ್ಬನಿ, ಮಂಜು, ಆಲಿಕಲ್ಲು ಎಲ್ಲವೂ ಹಾಗೆಯೇ, ನೀರೇ ಒಡಲಾದ ಜೀವಗಳು. ಏಕೇಂದ್ರಿಯ: ಸ್ಪರ್ಶವೊಂದೇ ಅದಕ್ಕೆ ತಿಳಿಯುವುದು. ಟ್ಲಿಂಗಿಟರು ಅದಕ್ಕೆ ಮೂಗು, ಕಿವಿ ಎರಡನ್ನೂ ಕೊಟ್ಟಿದ್ದಾರೆ. ಯಾರದು ಸರಿ ಎಂದು ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ಹಿಮಕ್ಕೆ ಜೀವವಿದೆ ಎಂದ ಎರಡು ಸಮುದಾಯಗಳೂ ಕೂಡಲೇ ಅಡುಗೆಮನೆಗೆ ನಿಯಮ ಮಾಡಿದವು ಎಂಬುದು ನನಗೆ ಮುಖ್ಯ. ನಂಬಿಕೆ ಇದ್ದಲ್ಲಿ ನಾಲಿಗೆಗೆ ಏನೋ ಒಂದು ನಿಷೇಧ ಇರುತ್ತದೆ. ಹಡಗಿನಲ್ಲಿ ನಿಷೇಧವೇ ಇಲ್ಲ. ಬೆಳಗಿನಿಂದ ಮಧ್ಯರಾತ್ರಿಯವರೆಗೆ ತಿನ್ನಬಹುದು, ಹಿಮನದಿ ನೋಡುತ್ತ ಬಿಸಿನೀರ ತೊಟ್ಟಿಯಲ್ಲಿ ಕೂರಬಹುದು.

ಅಳಿಯನ ಹತ್ತಿರ ಇದನ್ನೆಲ್ಲ ಹೇಳಿದರೆ ಅವರದೊಂದು ವಾದ: "ಅತ್ತೆ, ನೀವು ಹತ್ತದಿದ್ದರೂ ಹಡಗು ಹೋಗ್ತದೆ. ಮೂರು-ನಾಲ್ಕು ಸಾವಿರ ಜನರಲ್ಲಿ ನಿಮ್ಮ ಪಾಲು ಎಷ್ಟು?" ಮುಂದೆ ವಾಲ್ಮೀಕಿಯಾದ ರತ್ನಾಕರ ಬೇಡನೂ ಹೀಗೆಯೇ ತನ್ನ ಪಾಪದ ಪಾಲು ಹಂಚಲು ಮನೆಗೆ ಓಡಿದ್ದ, ಹೆಂಡತಿ ಮಕ್ಕಳು ಒಪ್ಪಲಿಲ್ಲ. ಕೃತ, ಕಾರಿತ, ಅನುಮೋದಿತ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ಸೈ ಎಂದದ್ದು. ಮೂರೂ ಕಟ್ಟುತ್ತವೆ ಎನ್ನುತ್ತದೆ ಜೈನ ಮತ. ಯೋಗಸೂತ್ರವೂ ಈ ಮೂರನ್ನೇ ಹೇಳುತ್ತದೆ. ಟಿಕೆಟ್ ಕೊಂಡವಳು ಕಾರಿತದಲ್ಲಿದ್ದಾಳೆ, ಫೋಟೋ ನೋಡಿ ವಾಹ್ ಎಂದವರು ಅನುಮೋದಿತದಲ್ಲಿ. 2001ರ ಜುಲೈಯಲ್ಲಿ ಗ್ಲೇಸಿಯರ್ ಬೇಯ ಬಾಯಿಯ ಹತ್ತಿರ ಗಬ್ಬದ ಹಂಪ್‌ಬ್ಯಾಕ್ ತಿಮಿಂಗಿಲವೊಂದು ಪ್ರವಾಸಿ ಹಡಗು ಬಡಿದು ಸತ್ತಿತು. ಸಂಶೋಧಕರು ಅದನ್ನು ಸ್ನೋ ಎಂದು ಕರೆಯುತ್ತಿದ್ದರು. ಅದರ ಅಸ್ಥಿಪಂಜರವನ್ನು ಬಾರ್ಟ್ಲೆಟ್ ಕೋವ್ ಎಂಬಲ್ಲಿ ಜೋಡಿಸಿ ನಿಲ್ಲಿಸಿದ್ದಾರೆ. ಅಲ್ಲೇ 2016ರಲ್ಲಿ ಹೂನಾ ಟ್ಲಿಂಗಿಟರು ಇನ್ನೂರೈವತ್ತು ವರ್ಷಗಳ ಮೇಲೆ ತವರಿನಲ್ಲಿ ಮತ್ತೆ ಕುಲದ ಮನೆ ಕಟ್ಟಿಕೊಂಡರು. ದೊಡ್ಡ ಹಡಗುಗಳು ಆ ದಡಕ್ಕೆ ತಾಗುವುದಿಲ್ಲ. ಹಿಮ ನೋಡಿ ಹಿಂದಿರುಗುವ ನಮಗೆ ಸತ್ತ ತಿಮಿಂಗಿಲವೂ ಕಾಣುವುದಿಲ್ಲ, ಮನೆಗೆ ಮರಳಿದ ಜನವೂ ಕಾಣುವುದಿಲ್ಲ.

ವಿಮಾನದ ಟಿಕೆಟ್ ಮಾಡುವಾಗ ಮಗ ಒಂದಿಷ್ಟು ಡಾಲರ್ ಹೆಚ್ಚು ಕೊಟ್ಟ. ನಾವು ಸುಟ್ಟ ಇಂಧನದ ಇಂಗಾಲಕ್ಕೆ ಸರಿಯಾಗಿ ಇನ್ನೆಲ್ಲೋ ಮರ ನೆಡುತ್ತಾರಂತೆ, ಕಾರ್ಬನ್ ಆಫ್‌ಸೆಟ್ ಎಂದ. "ಅಂದರೆ ತೆಂಕಲಲ್ಲಿ ಕಡಿಮೆ ಮಾಡಿ ಬಡಗಲಿಗೆ ಸೇರಿಸುವುದು" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಅಜ್ಜಿಯ ಕಥೆ ಹೇಳಬೇಕಾಯಿತು. ಮರ ನೆಡುವುದು ಒಳ್ಳೆಯದೇ, ನೆಡಲಿ. ಅದನ್ನು ಹಡಗಿನ ಖಾತೆಗೆ ಜಮಾ ಮಾಡುವುದಕ್ಕೆ ಮಾತ್ರ ನನ್ನ ಅತ್ತೆ ಒಪ್ಪುತ್ತಿರಲಿಲ್ಲ.

ಹಾಗಾದರೆ ನಾನು ಹೋದದ್ದೇಕೆ? ಭೂಗೋಳ ಕಲಿಸಿದವಳಿಗೆ ಹಿಮನದಿ ನೋಡುವುದು ನಿಷ್ಪ್ರಯೋಜನವಲ್ಲ ಎಂದು ಹೇಳಿಕೊಳ್ಳಬಹುದು. ನಿವೃತ್ತಳಾದ ಮೇಲೆ ಆ ವಾದಕ್ಕೆ ಬಲ ಕಡಿಮೆ. ನನ್ನ ಉತ್ತರ ದೇಶವ್ರತದಲ್ಲಿದೆ. ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತದ ಮಗ್ಗುಲಲ್ಲೇ ಅದು ಬರುತ್ತದೆ: ದೊಡ್ಡ ಎಲ್ಲೆಯ ಒಳಗೆ, ಇಷ್ಟು ಕಾಲ ಎಂದು ನಿಶ್ಚಯಿಸಿ, ಇನ್ನೂ ಚಿಕ್ಕದೊಂದು ಎಲ್ಲೆ ಎಳೆದುಕೊಳ್ಳುವುದು. ಹಡಗು ಹತ್ತುವ ಹಿಂದಿನ ರಾತ್ರಿ ಕೂತು ನನ್ನ ಎಲ್ಲೆಗಳನ್ನು ಬರೆದುಕೊಂಡೆ. ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಯುವುದು ಬೇಡ. ಊರ್ಧ್ವ ದಿಕ್ಕಿನ ಎಲ್ಲೆ ಮೀರುವುದನ್ನು ಶಾಸ್ತ್ರ ಬೇರೆಯಾಗಿಯೇ ಹೆಸರಿಸುತ್ತದೆ. ಅದರ ಸದ್ದಿನಿಂದ ಜೂನೋದವರು ರೋಸಿಹೋಗಿದ್ದಾರೆ ಕೂಡ. ತಿಮಿಂಗಿಲ ತೋರಿಸುವ ದೋಣಿಯೂ ಬೇಡ. ನೂರು ಗಜ ದೂರವಿರಬೇಕೆಂಬ ಕಾನೂನೇನೋ ಇದೆ, ಆದರೆ ಒಂದೇ ತಿಮಿಂಗಿಲದ ಸುತ್ತ ಎಷ್ಟು ದೋಣಿ ಎಂದು ಡೆಕ್ಕಿನಿಂದಲೇ ಕಾಣುತ್ತಿತ್ತು. ಗ್ಲೇಸಿಯರ್ ಬೇಯ ಬೆಳಿಗ್ಗೆ ಹಿಮನದಿ ಕಣ್ಣಿನಿಂದ ಮರೆಯಾಗುವವರೆಗೆ ಏನೂ ತಿನ್ನುವುದಿಲ್ಲ. ಬಂದರುಗಳ ಒಡವೆ ಅಂಗಡಿಗೆ ಕಾಲಿಡುವುದಿಲ್ಲ. ಹಡಗುಗಳ ಜೊತೆ ತೆರೆದು ಹಡಗುಗಳ ಜೊತೆ ಮುಚ್ಚುವ ಅಂಗಡಿಗಳವು. ಆ ಊರಿನವರಿಗೆ ಅದರಿಂದ ಸಿಗುವುದು ಅಷ್ಟಕ್ಕಷ್ಟೆ. ದುಡ್ಡು ಖರ್ಚು ಮಾಡುವುದಿದ್ದರೆ ಕೆಚಿಕನ್ ಹತ್ತಿರದ ಸ್ಯಾಕ್ಸ್‌ಮನ್‌ಗೆ ಹೋಗಿ ಟೋಟೆಮ್ ಕಂಬ ಕೆತ್ತುವವರನ್ನು ನೋಡಿ, ಅಥವಾ ಹಡಗು ಹೂನಾಕ್ಕೆ ಹೋಗುವುದಾದರೆ ಅಲ್ಲಿ ಖರ್ಚು ಮಾಡಿ. ಅಲ್ಲಿನ ಐಸಿ ಸ್ಟ್ರೇಟ್ ಪಾಯಿಂಟ್ ಬಂದರು ಟ್ಲಿಂಗಿಟರದೇ ಸಂಸ್ಥೆಯ ಒಡೆತನದ್ದು. ಯಜಮಾನರು ಈ ಎಲ್ಲೆಗಳಿಗೆ ಸೇರಲಿಲ್ಲ. ಅವರವರ ವ್ರತ ಅವರವರಿಗೆ.

ಇದು ಆತ್ಮವಂಚನೆ ಎನ್ನುವವರಿದ್ದಾರೆ. ಸಾವಿರ ಮೈಲಿ ಇಂಧನ ಸುಟ್ಟು ಹೋಗಿ, ತಿಂಡಿ ಬಿಟ್ಟರೆ ಸರಿಹೋಯಿತೇ? ಸರಿಹೋಗುವುದಿಲ್ಲ, ಲೆಕ್ಕ ತೀರಿತೆಂದು ನಾನು ಹೇಳುತ್ತಲೂ ಇಲ್ಲ. ಎಲ್ಲೆಯೇ ಇಲ್ಲದವನಿಗೆ ತಾನು ಎಲ್ಲಿ ಮೀರಿದೆನೆಂದೂ ತಿಳಿಯುವುದಿಲ್ಲ. ಅಷ್ಟಾದರೂ ತಿಳಿಯಲಿ ಎಂಬುದು ನನ್ನ ಪಕ್ಷ. ಜೂನೋ ಜನ ಇದನ್ನು ತಮ್ಮ ಊರಿಗೇ ಮಾಡಿಕೊಂಡಿದ್ದಾರೆ: ಮೂವತ್ತೆರಡು ಸಾವಿರ ಜನರ ಊರಿಗೆ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಮಿತಿ. ಶನಿವಾರಗಳಂದು ಹಡಗೇ ಬೇಡ ಎಂಬ ಪ್ರಸ್ತಾವವನ್ನು ಅದೇ ವರ್ಷ ಮತದಾರರು ತಿರಸ್ಕರಿಸಿದರು. 2026ರಿಂದ ಪ್ರಯಾಣಿಕರ ಸಂಖ್ಯೆಗೂ ಮಿತಿಯೆಂದು ಹಡಗು ಕಂಪನಿಗಳ ಜೊತೆ ಒಪ್ಪಂದವಾಗಿದೆ. ಕ್ಷೇತ್ರವೃದ್ಧಿಗೆ ಒಪ್ಪದ ಅತ್ತೆಯೂ ಚೌಕಾಸಿ ಮಾಡಿ ಎಲ್ಲೆ ಹಾಕಿಕೊಳ್ಳುವ ಈ ಊರೂ ಒಂದೇ ಪ್ರಶ್ನೆಯ ಮುಂದೆ ನಿಂತವರು.

ಈಗ ಫೋನಿನಲ್ಲಿ ನಾನು ಕೊಡುವ ಉತ್ತರ ಇಷ್ಟು. ಮಕ್ಕಳ ಮನೆಗೆಂದು ಸಿಯಾಟಲ್, ವ್ಯಾಂಕೂವರ್ ಕಡೆಗೆ ಹೋಗಿದ್ದೀರಾದರೆ ಒಮ್ಮೆ ಹೋಗಿ ಬನ್ನಿ. ಎರಡನೆಯ ಸಲ ಬೇಡ. ಅಲಾಸ್ಕಾ ನೋಡಲಿಕ್ಕೆಂದೇ ಬೆಂಗಳೂರಿನಿಂದ ವಿಮಾನ ಹತ್ತುವುದಾದರೆ ನನ್ನನ್ನು ಕೇಳಬೇಡಿ, ಅದಕ್ಕೆ ಅನರ್ಥದಂಡ ಎನ್ನದೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಹೋಗುವವರು ಟಿಕೆಟಿಗೆ ಹಣ ಕಟ್ಟುವ ಮೊದಲು ಕೆನಡಾದ ವೀಸಾ ಮಾಡಿಸಿ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗಿಗೂ ಅದು ಬೇಕು, ಏಕೆಂದರೆ ಪರದೇಶದಲ್ಲಿ ನೋಂದಾಯಿಸಿದ ಹಡಗು ನಡುವೆ ಒಂದು ಪರದೇಶದ ಬಂದರಿಗೆ ಹೋಗಲೇಬೇಕೆಂದು ಅಮೆರಿಕದ 1886ರ ಕಾನೂನು ಹೇಳುತ್ತದೆ. ಹೆಚ್ಚಿನ ಹಡಗುಗಳು ಅದಕ್ಕಾಗಿಯೇ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದಾಗಿರಬೇಕು. ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಕೆನಡಾ ವೀಸಾ ಬೇಡ, ಪಾಸ್‌ಪೋರ್ಟೂ ಕಾರ್ಡೂ ಸಾಕು. ಆದ್ದರಿಂದಲೇ ತಂದೆತಾಯಿಗೆ ಅದು ಬೇಕೆಂಬುದು ಅವರಿಗೆ ನೆನಪಾಗುವುದಿಲ್ಲ. ನೀವೇ ನೆನಪಿಸಿ.